ದೂರದ ನೆಲ ನಡುಗಿದಾಗ: ಭೂಕಂಪದ ಸುದ್ದಿ ಬಂದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ದೇಶದಲ್ಲಿ ದೊಡ್ಡ ಭೂಕಂಪ ಆಯಿತು ಅಂತ ಸುದ್ದಿ ಬಂದ ಒಂದೆರಡು ಗಂಟೆಯಲ್ಲೇ ಎಲ್ಲ ಕಡೆ ಒಂದೇ ಥರದ ಮಾತುಗಳು ಏಳುತ್ತವೆ. ಅಯ್ಯೋ ಪಾಪ, ಎಷ್ಟು ಜನ ಹೋದರಂತೆ, ಮುಂದಿನದು ನಮ್ಮ ಕಡೆಗೇ ಅಂತೆ, ಇದು ದೇವರ ಶಾಪ ಅಂತೆ, ಈ ವಿಡಿಯೊ ನೋಡಿ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದಿಂದ ಈಚೆಗೆ ನಾನು ಈ ಮಾತುಗಳನ್ನು ಗಮನಿಸುತ್ತಾ ಬಂದಿದ್ದೇನೆ. ದೇಶ ಬದಲಾಗುತ್ತದೆ, ವರ್ಷ ಬದಲಾಗುತ್ತದೆ. ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ಆದರೂ ಸುದ್ದಿ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ. ಯಾಕೆ ಹೀಗೆ?

ಭೂಕಂಪ ಬಂದು ಹೊಡೆಯುವುದು ಮನೆಗೆ. ನಾವು ಭದ್ರ ಅಂತ ನಂಬಿ ಮಲಗಿದ ಜಾಗಕ್ಕೇ. ಟರ್ಕಿ ಮತ್ತು ಸಿರಿಯಾದಲ್ಲಿ 2023ರ ಫೆಬ್ರವರಿ 6ರಂದು ನೆಲ ನಡುಗಿದ್ದು ಬೆಳಗಿನ ಜಾವ 4:17ಕ್ಕೆ. ಜಪಾನಿನ ಕೋಬೆಯಲ್ಲಿ 1995ರ ಜನವರಿ 17ರಂದು 5:46ಕ್ಕೆ. ಜನ ಹಾಸಿಗೆಯಲ್ಲಿದ್ದರು. ಸೀಳಿಹೋದ ಗೋಡೆಯ ಆಚೆ ಯಾರದೋ ಮಂಚ, ಯಾರದೋ ಪರದೆ, ಮಗುವಿನ ಒಂದು ಚಪ್ಪಲಿ ಕಂಡಾಗ ನಮಗೆ ನಮ್ಮ ಮನೆಯೇ ನೆನಪಾಗುತ್ತದೆ. ಕರುಳು ಚುರ್ ಅನ್ನುವುದು ಅದಕ್ಕೇ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಒಂದು ವಿಷಯ ಗಮನಿಸಿ. 2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದ ಮೇಲೆ ಅಲ್ಲಿನ ಸಂಶೋಧಕರು ಜನರ ಮನಸ್ಸಿನ ಸ್ಥಿತಿಯನ್ನು ಅಧ್ಯಯನ ಮಾಡಿದ್ದರು. ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡ ಕಂಡುಬಂತು. ನೋಡಿದ್ದನ್ನೇ ನೋಡುವುದರಿಂದ ಹೊಸದೇನೂ ತಿಳಿಯುವುದಿಲ್ಲ. ಮನಸ್ಸು ಮಾತ್ರ ಸೋಲುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿ. ವಿಡಿಯೊಗಿಂತ ಓದುವುದು ಒಳ್ಳೆಯದು.

ಮಕ್ಕಳು ನೋಡುತ್ತಿದ್ದಾರೆ. ಏನು ಹೇಳಲಿ?

ನಿಜ ಹೇಳಿ, ಚಿಕ್ಕದಾಗಿ ಹೇಳಿ. ತೀರಾ ಸಣ್ಣ ಮಕ್ಕಳಿಗೆ ಒಂದೇ ದೃಶ್ಯ ಹತ್ತು ಸಲ ಬಂದರೆ ಹತ್ತು ಕಟ್ಟಡ ಬಿದ್ದವು ಅಂತ ಅನ್ನಿಸಬಹುದು. ಆದ್ದರಿಂದ ಟಿವಿ ಆರಿಸಿ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಅಲ್ಲಿ ಜನರನ್ನು ಹೊರಗೆ ತೆಗೆಯುತ್ತಿರುವವರ ಬಗ್ಗೆ ಹೇಳಿ, ವಾಸನೆ ಹಿಡಿದು ಹುಡುಕುವ ನಾಯಿಗಳ ಬಗ್ಗೆ ಹೇಳಿ. ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.

ನನಗೆ ಏನೂ ಅನ್ನಿಸಲೇ ಇಲ್ಲ. ನಂದು ಕಲ್ಲು ಮನಸ್ಸಾ?

ಅಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಇದರ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಒಂದು ಮಗುವಿನ ಕಷ್ಟ ನಮ್ಮನ್ನು ಅಲುಗಾಡಿಸುತ್ತದೆ. ಸಂಖ್ಯೆ ಬೆಳೆದಷ್ಟೂ ಮನಸ್ಸು ಮರಗಟ್ಟುತ್ತದೆ. ಐವತ್ತು ಸಾವಿರ ಅನ್ನುವುದನ್ನು ಯಾರ ಮನಸ್ಸೂ ಹಿಡಿದುಕೊಳ್ಳಲಾರದು. ಕಣ್ಣೀರು ಬಂದರೆ ಮಾತ್ರ ಸಹಾಯ ಮಾಡಬೇಕು ಅಂತ ಎಲ್ಲೂ ಇಲ್ಲ. ಏನೂ ಅನ್ನಿಸದೆಯೂ ಸರಿಯಾದ ಕೆಲಸ ಮಾಡಬಹುದು.

ಬೆಳಿಗ್ಗೆ 7.9 ಅಂದರು, ಸಂಜೆ 9 ಅಂದರು. ಸಾವಿನ ಲೆಕ್ಕವೂ ಗಂಟೆಗೊಂದು. ಏನೋ ಮುಚ್ಚಿಡುತ್ತಿದ್ದಾರಾ?

ಈ ಅನುಮಾನ ಪ್ರತಿ ಸಲವೂ ಬರುತ್ತದೆ. ಮೊದಲು ಅಳತೆಯ ವಿಷಯ. ನೆಲ ನಡುಗಿದ ಕೆಲವೇ ನಿಮಿಷದಲ್ಲಿ ಬರುವ ಅಂಕಿ ಹತ್ತಿರದ ಕೆಲವು ಉಪಕರಣಗಳ ಲೆಕ್ಕ. ದೂರದ ಕೇಂದ್ರಗಳಿಗೆ ಅಲೆಗಳು ತಲುಪಿದ ಮೇಲೆ ಅದನ್ನು ತಿದ್ದುತ್ತಾರೆ. 2011ರ ಮಾರ್ಚ್ 11ರಂದು ಜಪಾನಿನ ಹವಾಮಾನ ಸಂಸ್ಥೆ ಮೊದಲು 7.9 ಅಂದಿತು. ಆಮೇಲೆ 8.4, ಆಮೇಲೆ 8.8, ಕೊನೆಗೆ 9.0. ಅಷ್ಟು ದೊಡ್ಡ ಭೂಕಂಪದಲ್ಲಿ ಬಿರುಕು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಿಯುತ್ತದೆ. ಅದನ್ನು ಅಳೆಯಲು ಸಮಯ ಬೇಕು. ಆದರೆ ಆ ದಿನ ಈ ತಡಕ್ಕೆ ಬೆಲೆಯೂ ತೆರಬೇಕಾಯಿತು. ಮೊದಲ ಅಂಕಿಯನ್ನು ನೆಚ್ಚಿ ಕೊಟ್ಟ ಸುನಾಮಿ ಎಚ್ಚರಿಕೆಯಲ್ಲಿ ಅಲೆಯ ಎತ್ತರ ನಿಜಕ್ಕಿಂತ ಕಡಿಮೆ ಇತ್ತು.

ಸಾವಿನ ಲೆಕ್ಕ ಇನ್ನೂ ಕಷ್ಟ. ಟರ್ಕಿಯಲ್ಲಿ ಮೊದಲ ದಿನ ಬೆಳಿಗ್ಗೆ ಅದು ನೂರರ ಲೆಕ್ಕದಲ್ಲಿತ್ತು. ಕೊನೆಗೆ ಆ ಒಂದು ದೇಶದಲ್ಲೇ 53,000 ದಾಟಿತು. ಸಂಖ್ಯೆ ಇಳಿಯುವುದೂ ಉಂಟು. 2023ರ ಅಕ್ಟೋಬರ್‌ನಲ್ಲಿ ಅಫ್ಗಾನಿಸ್ತಾನದ ಹೆರಾತ್‌ನಲ್ಲಿ ಮೊದಲು 2,000ಕ್ಕಿಂತ ಜಾಸ್ತಿ ಅಂದರು. ಆಮೇಲೆ ಎಣಿಸಿ ನೋಡಿದಾಗ ಸುಮಾರು 1,500ಕ್ಕೆ ಇಳಿಯಿತು. ಹೈಟಿಯಲ್ಲಿ 2010ರ ಜನವರಿ 12ರಂದು ಸತ್ತವರ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಹೇಳುತ್ತಾರೆ.

ಇನ್ನೊಂದು ಗೊಂದಲ ಇದೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಭೂಕಂಪವಾದ ಅರ್ಧ ಗಂಟೆಯೊಳಗೆ ಒಂದು ಅಂದಾಜು ಕೊಡುತ್ತದೆ. ಎಷ್ಟು ಜನ ಆ ಜಾಗದಲ್ಲಿ ವಾಸವಿದ್ದಾರೆ, ಮನೆಗಳು ಯಾವ ಥರದವು ಅನ್ನುವುದರ ಮೇಲೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡುತ್ತಾರೆ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ಗೆ ಕೆಂಪು ಬಂತು. 10,000ಕ್ಕೂ ಹೆಚ್ಚು ಸಾವಿನ ಸಾಧ್ಯತೆ ಇದೆ ಅಂತ. ಇದು ಸಹಾಯ ಕಳಿಸುವವರು ಬೇಗ ಹೊರಡಲಿ ಅಂತ ಮಾಡಿದ ಲೆಕ್ಕ. ಹೆಣ ಎಣಿಸಿದ ಲೆಕ್ಕ ಅಲ್ಲ. "ಹತ್ತು ಸಾವಿರ ಜನ ಸತ್ತರು" ಅಂತ ಮುಂದಕ್ಕೆ ಕಳಿಸುವ ಮೊದಲು ಅದು ಅಂದಾಜೋ ಎಣಿಕೆಯೋ ಅಂತ ನೋಡಿಕೊಳ್ಳಿ.

8.8 ಆದ ಕಡೆ ಸಾವೇ ಇಲ್ಲ ಅಂತಾರೆ. 7 ಆದ ಕಡೆ ನಗರವೇ ಹೋಯಿತು ಅಂತಾರೆ. ಯಾವುದನ್ನು ನಂಬಲಿ?

ಎರಡನ್ನೂ. ನಮ್ಮ ಪತ್ರಿಕೆಗಳು "ತೀವ್ರತೆ" ಅನ್ನುವ ಒಂದೇ ಪದವನ್ನು ಎರಡು ಬೇರೆ ವಿಷಯಕ್ಕೆ ಬಳಸುತ್ತವೆ. ನೆಲದೊಳಗೆ ಎಷ್ಟು ಶಕ್ತಿ ಬಿಡುಗಡೆಯಾಯಿತು ಅನ್ನುವುದು ಒಂದು. ನೀವು ನಿಂತ ಜಾಗದಲ್ಲಿ ಎಷ್ಟು ಜೋರಾಗಿ ಅಲುಗಾಡಿತು ಅನ್ನುವುದು ಇನ್ನೊಂದು. 7.8, 8.8 ಅಂತ ಬರುವುದು ಮೊದಲನೆಯದು. ಅಂಕಿ ಒಂದು ಹೆಚ್ಚಾದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚಾಗುತ್ತದೆ.

2010ರಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಂಡಿತು. ಜನವರಿಯಲ್ಲಿ ಹೈಟಿಯಲ್ಲಿ 7.0. ಫೆಬ್ರವರಿ 27ರಂದು ಚಿಲಿಯಲ್ಲಿ 8.8. ಚಿಲಿಯದು ಸುಮಾರು 500 ಪಟ್ಟು ಶಕ್ತಿಯ ಭೂಕಂಪ. ಅಲ್ಲಿ ಸತ್ತವರು ಸುಮಾರು 525 ಜನ. ಹೈಟಿಯ ಲೆಕ್ಕ ಮೇಲೆಯೇ ಹೇಳಿದ್ದೇನೆ. ಹೈಟಿಯ ಭೂಕಂಪ ಆಳ ಇಲ್ಲದ್ದು, ರಾಜಧಾನಿಯ ಪಕ್ಕದಲ್ಲೇ ಆದದ್ದು. ಅದಕ್ಕಿಂತ ಮುಖ್ಯ, ಚಿಲಿಯಲ್ಲಿ ಭೂಕಂಪ ತಡೆಯುವ ಹಾಗೆ ಮನೆ ಕಟ್ಟಬೇಕೆಂಬ ನಿಯಮ ಇತ್ತು. ಅದನ್ನು ಪಾಲಿಸುತ್ತಲೂ ಇದ್ದರು. ಹೈಟಿಯ ಬಡವರಿಗೆ ಸಿಕ್ಕಿದ್ದು ಕಬ್ಬಿಣ ಸಾಲದ ಕಾಂಕ್ರೀಟು. ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಪ್ರಕೃತಿ ವಿಕೋಪ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತೇವೆ. ಕಂಬದೊಳಗೆ ಇರಬೇಕಾದ ಕಬ್ಬಿಣ ಇಲ್ಲದಿದ್ದರೆ ಅದು ಪ್ರಕೃತಿಯ ತಪ್ಪಲ್ಲ.

2025ರ ಜುಲೈ ಕೊನೆಯಲ್ಲಿ ರಷ್ಯಾದ ಕಮ್ಚಾಟ್ಕಾ ಬಳಿ 8.8ರ ಭೂಕಂಪವಾಯಿತು. ಪೆಸಿಫಿಕ್ ಸಾಗರದ ಸುತ್ತ ಸುನಾಮಿ ಎಚ್ಚರಿಕೆ ಬಂತು. ಜಪಾನ್, ಹವಾಯಿಯಲ್ಲಿ ಜನ ಎತ್ತರದ ಜಾಗಕ್ಕೆ ಹೋದರು. ಅಲೆ ಭಯಪಟ್ಟಷ್ಟು ದೊಡ್ಡದಾಗಿ ಬರಲಿಲ್ಲ. "ಸುಮ್ನೆ ಹೆದರಿಸಿದರು" ಅಂತ ಬಹಳ ಜನ ಬರೆದರು. 2004ರಲ್ಲಿ ಹಿಂದೂ ಮಹಾಸಾಗರಕ್ಕೆ ಇಂಥ ಎಚ್ಚರಿಕೆಯ ಏರ್ಪಾಡೇ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು. ಅಲೆ ಬರದ ದಿನ ಗುಡ್ಡ ಹತ್ತಿ ಇಳಿದದ್ದು ನಷ್ಟ ಅಂತ ನನಗಂತೂ ಅನ್ನಿಸುವುದಿಲ್ಲ.

ಕಟ್ಟಡ ಬೀಳುವ ವಿಡಿಯೊ ಬಂದಿದೆ. ಕಣ್ಣಾರೆ ಕಂಡೆ. ಕಳಿಸಲಾ?

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಹೇಳಿದ್ದು ಈ ಕಾಲಕ್ಕೇ ಹೇಳಿದ ಹಾಗಿದೆ.

ನಾನೇ ಮಾಡಿದ ತಪ್ಪು ಹೇಳುತ್ತೇನೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. ಸುಮಾರು 9,000 ಜನ ತೀರಿಕೊಂಡರು. ಆಗ ಒಂದು ಫೋಟೊ ಬಂತು. ಪುಟ್ಟ ಹುಡುಗನೊಬ್ಬ ಇನ್ನೂ ಪುಟ್ಟ ತಂಗಿಯನ್ನು ತಬ್ಬಿಕೊಂಡು ಕೂತಿದ್ದಾನೆ. ನೋಡಿ ಅತ್ತೆ. ಅತ್ತುಕೊಂಡೇ ಹತ್ತಾರು ಜನಕ್ಕೆ ಕಳಿಸಿದೆ. ಆಮೇಲೆ ಗೊತ್ತಾಯಿತು, ಅದು 2007ರಲ್ಲಿ ವಿಯೆಟ್ನಾಂನಲ್ಲಿ ತೆಗೆದ ಚಿತ್ರ. ಅದಕ್ಕೂ ಭೂಕಂಪಕ್ಕೂ ಸಂಬಂಧವೇ ಇಲ್ಲ. ಅದೇ ವಾರ ಕಠ್ಮಂಡುವಿನ ಹೋಟೆಲಿನದು ಅಂತ ಈಜುಕೊಳದ ನೀರು ಉಕ್ಕುವ ವಿಡಿಯೊ ಓಡಾಡಿತು. ಅದು 2010ರ ಮೆಕ್ಸಿಕೊ ಭೂಕಂಪದ್ದು. 2023ರಲ್ಲಿ ಟರ್ಕಿಯ ಕಟ್ಟಡ ಅಂತ ತೋರಿಸಿದ ಒಂದು ವಿಡಿಯೊ 2021ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕುಸಿದ ಅಪಾರ್ಟ್‌ಮೆಂಟಿನದು.

ಈಗ ಇಲ್ಲದ ದೃಶ್ಯವನ್ನೇ ಹುಟ್ಟಿಸುವ ಕಾಲ. ಟರ್ಕಿ ಭೂಕಂಪದ ವಾರ ಗ್ರೀಸ್ ದೇಶದ ಅಗ್ನಿಶಾಮಕ ಸಿಬ್ಬಂದಿಯೊಬ್ಬ ಮಗುವನ್ನು ಅಪ್ಪಿಕೊಂಡ ಚಿತ್ರ ಬಂತು. ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು. ಅವನ ಕೈಗೆ ಆರು ಬೆರಳು. ಅದನ್ನು ಹಾಕಿಕೊಂಡು ಕೆಲವರು ಕ್ರಿಪ್ಟೊ ಖಾತೆಗೆ ದುಡ್ಡು ಕೇಳಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಇವತ್ತಿನ ಚಿತ್ರಗಳಲ್ಲಿ ಬೆರಳು ಎಣಿಸಿ ಸುಳ್ಳು ಹಿಡಿಯಲು ಆಗುವುದಿಲ್ಲ. ಆದ್ದರಿಂದ ಚಿತ್ರವನ್ನು ದಿಟ್ಟಿಸುವುದಕ್ಕಿಂತ ಅದು ಬಂದ ದಾರಿ ಹಿಡಿದು ಹಿಂದಕ್ಕೆ ಹೋಗಿ. ಮೊದಲು ಹಾಕಿದವರು ಯಾರು? ಅವರು ಆ ಊರಿನಲ್ಲಿದ್ದರಾ? ಚಿತ್ರವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಹಳೆಯದು ಸಿಗುತ್ತದಾ? ಅಂಗಡಿ ಬೋರ್ಡಿನ ಭಾಷೆ ಆ ದೇಶದ್ದಾ? ಗೊತ್ತಾಗದಿದ್ದರೆ ಕಳಿಸಬೇಡಿ. ನೀವು ಕಳಿಸದಿದ್ದರೆ ಯಾರಿಗೂ ಏನೂ ಕಡಿಮೆ ಆಗುವುದಿಲ್ಲ.

ನ್ಯೂಸ್ ಚಾನೆಲ್‌ಗಳಲ್ಲೇ ತೋರಿಸುತ್ತಿದ್ದಾರಲ್ಲ. ಅದೂ ಸುಳ್ಳಾಗುತ್ತಾ?

ಆಗುತ್ತದೆ. ಬೇಕಂತಲೇ ಅಲ್ಲದೆಯೂ ಆಗುತ್ತದೆ. 2017ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರದಲ್ಲಿ ಒಂದು ಶಾಲೆ ಕುಸಿಯಿತು. ಒಳಗೆ ಫ್ರಿಡಾ ಸೋಫಿಯಾ ಅನ್ನುವ ಹುಡುಗಿ ಬದುಕಿದ್ದಾಳೆ, ಬೆರಳು ಆಡಿಸಿದಳು, ನೀರು ಕೇಳಿದಳು ಅಂತ ಸುದ್ದಿ ಬಂತು. ಇಡೀ ಜಗತ್ತು ಟಿವಿ ಮುಂದೆ ಕೂತಿತು. ಕೊನೆಗೆ ನೌಕಾಪಡೆಯ ಅಧಿಕಾರಿಗಳು ಹೇಳಿದರು: ಆ ಹೆಸರಿನ ಹುಡುಗಿ ಶಾಲೆಯಲ್ಲಿ ಇರಲೇ ಇಲ್ಲ. ಯಾರೋ ಏನೋ ಕೇಳಿಸಿಕೊಂಡರು, ಇನ್ನೊಬ್ಬರು ಅದಕ್ಕೆ ಹೆಸರು ಕೊಟ್ಟರು, ಆಸೆ ಉಳಿದದ್ದನ್ನು ಕಟ್ಟಿತು. ಆ ಶಾಲೆಯಲ್ಲಿ 19 ಮಕ್ಕಳು ನಿಜವಾಗಿ ತೀರಿಕೊಂಡಿದ್ದರು. ಜಗತ್ತು ಹೆಸರು ನೆನಪಿಟ್ಟುಕೊಂಡದ್ದು ಇಲ್ಲದ ಹುಡುಗಿಯದು. ನನಗೆ ಇದು ಈಗಲೂ ಚುಚ್ಚುತ್ತದೆ.

ಅದೇ ಮೆಕ್ಸಿಕೊದಲ್ಲಿ ಬೇರೆ ಜನ ಬೇರೆ ಕೆಲಸವನ್ನೂ ಮಾಡಿದರು. ಎಲ್ಲಿ ಸಲಿಕೆ ಬೇಕು, ಎಲ್ಲಿ ನೀರು ಸಾಕಾಗಿದೆ ಅಂತ ಸ್ವಯಂಸೇವಕರು ಸ್ಥಳಕ್ಕೆ ಹೋಗಿ ನೋಡಿ, ಖಾತ್ರಿ ಮಾಡಿಕೊಂಡು, ದಿನಾಂಕ ಗಂಟೆ ಹಾಕಿ ಹಂಚಿದರು. ಅವರು ಬಳಸಿದ ಹೆಸರು ವೆರಿಫಿಕಾಡೊ19ಎಸ್. ಬೆಳಿಗ್ಗೆಯ ಅಗತ್ಯ ಮಧ್ಯಾಹ್ನಕ್ಕೆ ಹಳೆಯದಾಗಿರುತ್ತದೆ. ಗಂಟೆ ಇಲ್ಲದ ಮನವಿ ಸಿಕ್ಕರೆ, ಜನರನ್ನು ಆಗಲೇ ಹೊರತೆಗೆದ ಕಟ್ಟಡಕ್ಕೂ ಇನ್ನೊಂದು ತಂಡ ಓಡಬೇಕಾಗುತ್ತದೆ.

ಒಬ್ಬರು ಮೂರು ದಿನ ಮುಂಚೆಯೇ ಹೇಳಿದ್ದರಂತೆ. ಸರ್ಕಾರಗಳು ಯಾಕೆ ಕೇಳಲಿಲ್ಲ?

ದಿನ, ಜಾಗ, ಪ್ರಮಾಣ ಮೂರನ್ನೂ ಖಚಿತವಾಗಿ ಹೇಳಿದರೆ ಮಾತ್ರ ಅದು ಭವಿಷ್ಯ. ದೊಡ್ಡ ಭೂಕಂಪವನ್ನು ಹೀಗೆ ಮುಂಚೆಯೇ ಹೇಳಿದ ವಿಜ್ಞಾನಿ ಇವತ್ತಿನವರೆಗೆ ಯಾರೂ ಇಲ್ಲ ಅಂತ ಯುಎಸ್‌ಜಿಎಸ್ ಸ್ಪಷ್ಟವಾಗಿ ಹೇಳುತ್ತದೆ. ನೆದರ್ಲೆಂಡ್ಸ್‌ನ ವ್ಯಕ್ತಿಯೊಬ್ಬರು 2023ರ ಫೆಬ್ರವರಿ 3ರಂದು ಬರೆದದ್ದು ಇಷ್ಟು: ಇಂದಲ್ಲ ನಾಳೆ ಈ ಭಾಗದಲ್ಲಿ ಸುಮಾರು 7.5ರ ಭೂಕಂಪ ಆಗುತ್ತದೆ. ದಿನ ಇಲ್ಲ. ಟರ್ಕಿಯ ಆ ಭಾಗದಲ್ಲಿ ದೊಡ್ಡ ಬಿರುಕು ಇದೆ ಅನ್ನುವುದು ಭೂವಿಜ್ಞಾನ ಓದಿದ ಎಲ್ಲರಿಗೂ ಗೊತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅವರು ಹೇಳಿ ಆಗದೇ ಹೋದದ್ದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

2025ರಲ್ಲಿ ಇನ್ನೊಂದು ಆಯಿತು. ಜಪಾನಿನ ಒಂದು ಕಾಮಿಕ್ ಪುಸ್ತಕದ ಮಾತು ಹಿಡಿದು ಜುಲೈ 5ಕ್ಕೆ ಮಹಾ ದುರಂತ ಅಂತ ಗುಲ್ಲೆದ್ದಿತು. ಹಾಂಗ್‌ಕಾಂಗ್‌ನಿಂದ ಜಪಾನಿಗೆ ಹೋಗುವವರು ಕಡಿಮೆಯಾಗಿ ಕೆಲವು ವಿಮಾನಗಳೇ ನಿಂತವು. ಜುಲೈ 5 ಸುಮ್ಮನೆ ಕಳೆಯಿತು. ತಿಂಗಳ ಕೊನೆಗೆ ಕಮ್ಚಾಟ್ಕಾ ನಡುಗಿದಾಗ "ನೋಡಿ, ಹೇಳಿರಲಿಲ್ವಾ" ಅಂತ ಮತ್ತೆ ಶುರು. ದಿನವೂ ಬೇರೆ, ದೇಶವೂ ಬೇರೆ.

ದಿನಾಂಕ ತಾನಾಗಿ ಕೂಡಿಬರುವುದೂ ಉಂಟು. ಮೆಕ್ಸಿಕೊದಲ್ಲಿ 1985, 2017, 2022 ಮೂರು ವರ್ಷವೂ ದೊಡ್ಡ ಭೂಕಂಪ ಆದದ್ದು ಸೆಪ್ಟೆಂಬರ್ 19ರಂದೇ. 2017ರಲ್ಲಂತೂ 1985ರ ನೆನಪಿಗೆ ಅಣಕು ಕಸರತ್ತು ಮಾಡಿ ಎರಡು ಗಂಟೆಯಲ್ಲಿ ನಿಜವಾದದ್ದು ಬಂತು. ಮೈ ಜುಮ್ ಅನ್ನುತ್ತದೆ. ಆದರೂ ಅದು ಕಾಕತಾಳೀಯವೇ. ಭೂಮಿಗೆ ಕ್ಯಾಲೆಂಡರ್ ಗೊತ್ತಿಲ್ಲ.

ಚೀನಾದ ಹೈಚೆಂಗ್ ಉದಾಹರಣೆ ಕೊಡುವವರೂ ಇದ್ದಾರೆ. 1975ರ ಫೆಬ್ರವರಿಯಲ್ಲಿ ಅಲ್ಲಿ ಸಣ್ಣ ಕಂಪನಗಳು ಸಾಲಾಗಿ ಬಂದು, ಜನರನ್ನು ಹೊರಗೆ ಕಳಿಸಿದ್ದರಿಂದ ಬಹಳ ಜೀವ ಉಳಿಯಿತು. ನಿಜ. ಮುಂದಿನ ವರ್ಷ ಜುಲೈ 28ರಂದು ತಾಂಗ್‌ಶಾನ್‌ನಲ್ಲಿ ಅಂಥ ಸುಳಿವೇ ಸಿಗಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 2,42,000ಕ್ಕೂ ಹೆಚ್ಚು ಜನ ಸತ್ತರು.

ಜಪಾನ್, ಮೆಕ್ಸಿಕೊದಲ್ಲಿ ಮೊಳಗುವ ಸೈರನ್ ಬೇರೆ ವಿಷಯ. ಭೂಕಂಪ ಶುರುವಾದ ಮೇಲೆ, ಅಲೆ ನಿಮ್ಮನ್ನು ತಲುಪುವ ಮುಂಚೆ ಅದು ಕೂಗುತ್ತದೆ. ಸಿಗುವುದು ಕೆಲವು ಸೆಕೆಂಡು. ಒಲೆ ಆರಿಸಿ ಮೇಜಿನ ಕೆಳಗೆ ಹೋಗುವಷ್ಟು.

ಈಚೆಗೆ ಭೂಕಂಪ ಜಾಸ್ತಿ ಆಗುತ್ತಿವೆಯಾ? ಅಲ್ಲಿ ಆದದ್ದು ಇಲ್ಲಿಗೂ ಬರುತ್ತಾ?

ಜಾಸ್ತಿ ಆಗುತ್ತಿಲ್ಲ. ಜಗತ್ತಿನಲ್ಲಿ 7ರಿಂದ 7.9ರವರೆಗಿನವು ವರ್ಷಕ್ಕೆ ಸರಾಸರಿ ಸುಮಾರು 15, 8 ದಾಟಿದ್ದು ಒಂದು. ಕ್ಯಾಮೆರಾ, ಫೋನು ಜಾಸ್ತಿ ಆಗಿವೆ. ಮರುಕಂಪನಗಳು ಆಗುವುದು ಆ ಬಿರುಕಿನ ಆಸುಪಾಸಿನಲ್ಲಿ. ಸಾವಿರಾರು ಕಿಲೋಮೀಟರ್ ದೂರಕ್ಕೆ "ಮುಂದಿನ ಸರದಿ" ಅಂತ ಬರುವುದಿಲ್ಲ. ರಾತ್ರಿ ಇಷ್ಟು ಗಂಟೆಗೆ ಮತ್ತೆ ಬರುತ್ತದೆ ಅಂತ ನಾಸಾ ಹೇಳಿದೆ ಅನ್ನುವ ಸಂದೇಶ ಪ್ರತಿ ಸಲ ಬರುತ್ತದೆ. ನಾಸಾ ಅಂಥದ್ದು ಹೇಳುವುದಿಲ್ಲ. ಅಳಿಸಿಬಿಡಿ.

ಅಲ್ಲಿ ಭೂಕಂಪ ಆದರೆ ಬೇರೆ ದೇಶದ ಜನ ಅಂಗಡಿಗೆ ಯಾಕೆ ಓಡುತ್ತಾರೆ?

ಏನಾದರೂ ಮಾಡಿದರೆ ಸಮಾಧಾನ, ಅದಕ್ಕೆ. 2011ರಲ್ಲಿ ಫುಕುಶಿಮಾ ಅಣು ಸ್ಥಾವರ ಹಾಳಾದ ಮೇಲೆ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದರು. ಅಯೋಡಿನ್ ಇರುವ ಉಪ್ಪು ತಿಂದರೆ ವಿಕಿರಣ ತಾಗುವುದಿಲ್ಲ ಅಂತ ಗಾಳಿಮಾತು. ಅಷ್ಟು ಅಯೋಡಿನ್ ಸಿಗಬೇಕಾದರೆ ಕೆಜಿಗಟ್ಟಲೆ ಉಪ್ಪು ತಿನ್ನಬೇಕು. ಸಾಗರದ ಆಚೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಅಯೋಡಿನ್ ಮಾತ್ರೆಗಳು ಖಾಲಿಯಾದವು. ಹೆದರಿದವರನ್ನು ಹಂಗಿಸಬೇಡಿ. ಪಕ್ಕದಲ್ಲಿ ಕೂತು ಲೆಕ್ಕ ಹೇಳಿ.

ಇದು ದೇವರು ಕೊಟ್ಟ ಶಿಕ್ಷೆ ಅಂತ ಮನೆಯ ಹಿರಿಯರೇ ಹೇಳುತ್ತಿದ್ದಾರೆ. ಏನು ಉತ್ತರ ಕೊಡಲಿ?

ಸಿಟ್ಟಾಗಬೇಡಿ. ಈ ಮಾತು ಬಹಳ ಹಳೆಯದು, ದೊಡ್ಡವರ ಬಾಯಲ್ಲೂ ಬಂದಿದೆ. 1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್ ನೆಲಸಮವಾದಾಗ ಯುರೋಪಿನ ಧರ್ಮಗುರುಗಳು ಪಾಪದ ಫಲ ಅಂದರು. ಆದರೆ ಅವತ್ತು ಸರ್ವಸಂತರ ಹಬ್ಬ. ಜನ ಚರ್ಚುಗಳಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಚಾವಣಿ ಬಿದ್ದದ್ದು ಅವರ ಮೇಲೆಯೇ. 1934ರ ಜನವರಿ 15ರಂದು ಬಿಹಾರ, ನೇಪಾಳದಲ್ಲಿ ಭೂಕಂಪವಾದಾಗ ಗಾಂಧೀಜಿಯವರು ಇದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಅಂದರು. ರವೀಂದ್ರನಾಥ ಟ್ಯಾಗೋರರು ಒಪ್ಪಲಿಲ್ಲ. ಅಸ್ಪೃಶ್ಯತೆಯನ್ನು ಅವರೂ ವಿರೋಧಿಸುತ್ತಿದ್ದರು. ಆದರೆ ನೆಲದ ಕಂಪನವನ್ನು ಮನುಷ್ಯರ ನೀತಿಗೆ ಗಂಟು ಹಾಕಬಾರದು ಅಂತ ಬರೆದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮದೇ ಪತ್ರಿಕೆ 'ಹರಿಜನ'ದಲ್ಲಿ ಅಚ್ಚು ಹಾಕಿದರು.

ನಾನು ಮನೆಯಲ್ಲಿ ಹೇಳುವುದು ಇಷ್ಟೇ: ಮೆಕ್ಸಿಕೊದ ಆ ಶಾಲೆಯ ಮಕ್ಕಳು ಏನು ಪಾಪ ಮಾಡಿದ್ದರು? ಅದಕ್ಕೆ ಮೇಲೆ ಮಾತು ಬೆಳೆಯುವುದಿಲ್ಲ. ಹಿರಿಯರಿಗೂ ಒಳಗೆ ಇರುವುದು ಭಯವೇ ಅಲ್ವಾ. ಕಾರಣ ಸಿಕ್ಕರೆ ಭಯ ಕಡಿಮೆ ಆಗುತ್ತದೆ ಅಂತ ಹುಡುಕುತ್ತಾರೆ.

ನನ್ನ ತಂಗಿ ಅಲ್ಲೇ ಇದ್ದಾಳೆ. ಫೋನ್ ಸಿಗುತ್ತಿಲ್ಲ.

ಫೋನ್ ಸಿಗದಿರುವುದು ಕೆಟ್ಟ ಸುದ್ದಿ ಅಂತ ಅಲ್ಲ. ಟವರ್ ಬಿದ್ದಿರಬಹುದು, ಕರೆಂಟ್ ಹೋಗಿರಬಹುದು, ಎಲ್ಲರೂ ಒಟ್ಟಿಗೆ ಕರೆ ಮಾಡಿ ಜಾಲ ಕಟ್ಟಿಕೊಂಡಿರಬಹುದು. ಮತ್ತೆ ಮತ್ತೆ ಕರೆ ಮಾಡಬೇಡಿ. ಒಂದು ಸಂದೇಶ ಕಳಿಸಿ. ಕರೆ ಹೋಗದ ಕಡೆಗೂ ಸಂದೇಶ ಹೋಗುತ್ತದೆ, ಸಿಗ್ನಲ್ ಬಂದಾಗ ತಲುಪುತ್ತದೆ, ಅವಳ ಬ್ಯಾಟರಿಯೂ ಉಳಿಯುತ್ತದೆ. "ಒಂದೇ ಒಂದು ಅಕ್ಷರ ಕಳಿಸು ಸಾಕು" ಅಂತ ಬರೆಯಿರಿ.

ಮನೆಯಲ್ಲಿ ಒಬ್ಬರು ಮಾತ್ರ ಪ್ರಯತ್ನಿಸಿ, ಉಳಿದವರಿಗೆ ಅವರೇ ತಿಳಿಸಲಿ. ಅವಳ ಊರು ಕೇಂದ್ರಬಿಂದುವಿನಿಂದ ಎಷ್ಟು ದೂರ ಅಂತ ನಕ್ಷೆಯಲ್ಲಿ ನೋಡಿ. ಎಷ್ಟೋ ಸಲ ದೇಶ ಒಂದೇ ಆದರೂ ಊರು ಸಾವಿರ ಕಿಲೋಮೀಟರ್ ದೂರ ಇರುತ್ತದೆ. ಫೇಸ್‌ಬುಕ್‌ನ ಸುರಕ್ಷತಾ ಪುಟ ನೋಡಿ. ಅವಳ ಜೊತೆ ಕೆಲಸ ಮಾಡುವವರು, ಪಕ್ಕದ ಮನೆಯವರು ಯಾರಾದರೂ ಸಿಗುತ್ತಾರಾ ನೋಡಿ. ಜಪಾನ್ ಆದರೆ ಅಲ್ಲಿ 171 ಅನ್ನುವ ಸೇವೆ ಇದೆ. ಕೋಬೆ ಭೂಕಂಪದ ಪಾಠದಿಂದ 1998ರಲ್ಲಿ ಶುರು ಮಾಡಿದ್ದು. ಅವಳು ಅದರಲ್ಲಿ ದನಿ ಮುದ್ರಿಸಿಟ್ಟರೆ ಜಪಾನಿನಲ್ಲೇ ಇರುವ ಪರಿಚಯದವರು ಕೇಳಿ ನಿಮಗೆ ತಿಳಿಸಬಹುದು. ರಾಯಭಾರ ಕಚೇರಿ ಸಹಾಯವಾಣಿ ತೆರೆದರೆ ಹೆಸರು, ವಿಳಾಸ ಕೊಟ್ಟಿಡಿ. ದಿನಗಳು ಕಳೆದರೆ ರೆಡ್ ಕ್ರಾಸ್ ಇದೆ. ಕುಟುಂಬದವರನ್ನು ಹುಡುಕಿ ಸೇರಿಸುವುದು ಅವರ ಹಳೆಯ ಕೆಲಸ.

ಅವಳು ಸಿಕ್ಕ ಕೂಡಲೇ, ಹಾಕಿದ್ದ ಎಲ್ಲ ಮನವಿಗಳ ಕೆಳಗೆ "ಸಿಕ್ಕಿದ್ದಾಳೆ" ಅಂತ ಬರೆಯಿರಿ. ಸಂತೋಷದಲ್ಲಿ ಇದು ಮರೆತೇ ಹೋಗುತ್ತದೆ.

ಹಳೆ ಬಟ್ಟೆ, ಔಷಧಿ ಕೂಡಿಸಿದ್ದೇವೆ. ಕಳಿಸುವುದು ಹೇಗೆ?

ಬೇಸರ ಮಾಡಿಕೊಳ್ಳಬೇಡಿ. ಯಾರೂ ಕೇಳದೆ ಇದ್ದರೆ ಕಳಿಸಬೇಡಿ.

1988ರ ಡಿಸೆಂಬರ್ 7ರಂದು ಅರ್ಮೇನಿಯಾದಲ್ಲಿ ಭೂಕಂಪವಾಗಿ ಸುಮಾರು 25,000 ಜನ ಹೋದರು. ಜಗತ್ತಿನ ಎಲ್ಲ ಕಡೆಯಿಂದ ಔಷಧಿ ಬಂತು. ಸುಮಾರು 5,000 ಟನ್. ಅದನ್ನು ಬಿಡಿಸಿ ವಿಂಗಡಿಸಲು ಹತ್ತಾರು ಜನಕ್ಕೆ ಆರು ತಿಂಗಳು ಬೇಕಾಯಿತು. ತಕ್ಷಣ ಬಳಸುವಂತಿದ್ದದ್ದು ಸುಮಾರು ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಅವಧಿ ಮುಗಿದದ್ದು, ಹೆಸರು ಓದಲಾಗದ್ದು, ಬೇಡದ್ದು. ಕಳಿಸಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಆದರೆ ಒಡೆದ ರಸ್ತೆಯಲ್ಲಿ ಒಂದು ಲಾರಿ ನಿಮ್ಮ ಬಟ್ಟೆ ಹೊತ್ತು ಹೋದರೆ ಅಷ್ಟೇ ಜಾಗ ನೀರಿಗೋ ಡೇರೆಗೋ ಕಡಿಮೆ ಆಗುತ್ತದೆ.

ದುಡ್ಡು ಕೊಡಿ. ಚಿಕ್ಕ ಮೊತ್ತವೂ ಸಾಕು. 2010ರಲ್ಲಿ ಅಮೆರಿಕದ ಜನ ಒಂದು ಎಸ್‌ಎಂಎಸ್‌ಗೆ 10 ಡಾಲರ್‌ನಂತೆ ಹೈಟಿಗಾಗಿ ರೆಡ್ ಕ್ರಾಸ್‌ಗೆ 3 ಕೋಟಿ ಡಾಲರ್‌ಗಿಂತ ಹೆಚ್ಚು ಕೊಟ್ಟರು. ಕೊಡುವ ಮೊದಲು ಆ ಸಂಸ್ಥೆ ಭೂಕಂಪಕ್ಕೆ ಮುಂಚೆಯೂ ಆ ದೇಶದಲ್ಲಿ ಕೆಲಸ ಮಾಡುತ್ತಿತ್ತಾ ಅಂತ ನೋಡಿ. ನಿನ್ನೆ ಹುಟ್ಟಿದ ಖಾತೆಗೆ ಕೊಡಬೇಡಿ. ಸಂದೇಶದಲ್ಲಿ ಬಂದ ಲಿಂಕ್ ಒತ್ತಬೇಡಿ, ಸಂಸ್ಥೆಯ ಪುಟಕ್ಕೆ ನೀವೇ ಹೋಗಿ. "ಈ ದುರಂತಕ್ಕೆ ಮಾತ್ರ" ಅಂತ ಕಟ್ಟು ಹಾಕದೆ ಕೊಟ್ಟರೆ ಇನ್ನೂ ಒಳ್ಳೆಯದು. 2004ರ ಸುನಾಮಿಯ ನಂತರ ಕೆಲವೇ ದಿನದಲ್ಲಿ ದುರಂತದ ಕಡೆಗೆ ವೈದ್ಯರನ್ನು ಕಳಿಸುವ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಈ ಕೆಲಸಕ್ಕೆ ಸಾಕಷ್ಟು ಹಣ ಬಂದಿದೆ, ಇನ್ನು ಬೇಡ ಅಂತ ಹೇಳಿತು. ಕೆಲವರಿಗೆ ಕೋಪ ಬಂತು. ನನಗೆ ಆ ಸಂಸ್ಥೆಯ ಮೇಲೆ ನಂಬಿಕೆ ಹುಟ್ಟಿದ್ದೇ ಅವತ್ತು.

ನಾನೇ ಹೋಗಿ ಸಹಾಯ ಮಾಡಲಾ?

ತರಬೇತಿ ಇಲ್ಲದೆ, ಯಾರೂ ಕರೆಯದೆ ಹೋಗಬೇಡಿ. ನಿಮಗೂ ಊಟ, ನೀರು, ಮಲಗಲು ಜಾಗ ಬೇಕಲ್ಲ. ಕೋಬೆಯಲ್ಲಿ ಅವಶೇಷದಿಂದ ಹೊರಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ಅಕ್ಕಪಕ್ಕದವರು. ಎಲ್ಲ ಕಡೆಯೂ ಹೀಗೇ.

ಆದರೆ ಕೂತಲ್ಲೇ ಮಾಡುವ ಕೆಲಸ ಇದೆ. 2010ರಲ್ಲಿ ಹೈಟಿಯ ರಾಜಧಾನಿಗೆ ಸರಿಯಾದ ನಕ್ಷೆಯೇ ಇರಲಿಲ್ಲ. ಓಪನ್ ಸ್ಟ್ರೀಟ್ ಮ್ಯಾಪ್ ಅಂತ ಯಾರು ಬೇಕಾದರೂ ಸೇರಿ ಬರೆಯಬಹುದಾದ ಇಂಟರ್‌ನೆಟ್ ನಕ್ಷೆ ಇದೆ. ಅದರ ಸ್ವಯಂಸೇವಕರು ಬೇರೆ ಬೇರೆ ದೇಶಗಳಲ್ಲಿ ಕೂತು, ಉಪಗ್ರಹ ಚಿತ್ರ ನೋಡಿ, ಬೀದಿ ಬೀದಿಯನ್ನೂ ಗೆರೆ ಎಳೆದರು. ರಕ್ಷಣಾ ತಂಡಗಳು ಅದನ್ನು ಹಿಡಿದುಕೊಂಡೇ ಓಡಾಡಿದವು. ನೇಪಾಳಕ್ಕೂ ಹಾಗೇ ಮಾಡಿದರು. ಕಲಿಯಲು ಒಂದು ಸಂಜೆ ಸಾಕು.

ನಮ್ಮಲ್ಲೇ ಬಡವರಿದ್ದಾರೆ. ಅದೂ ಆ ದೇಶ ನಮ್ಮ ವಿರೋಧಿ. ಅವರಿಗೆ ಯಾಕೆ?

1999ರ ಆಗಸ್ಟ್ 17ರಂದು ಟರ್ಕಿಯ ಇಜ್ಮಿತ್ ಬಳಿ ಭೂಕಂಪವಾಗಿ 17,000ಕ್ಕೂ ಹೆಚ್ಚು ಜನ ಸತ್ತರು. ಗ್ರೀಸ್ ಮತ್ತು ಟರ್ಕಿ ಹಳೆಯ ಹಗೆಗಳು. ಆದರೂ ಗ್ರೀಸ್ ಮೊದಲೇ ಓಡಿಬಂತು, ಜನ ರಕ್ತ ಕೊಟ್ಟರು. ಮೂರು ವಾರದಲ್ಲಿ, ಸೆಪ್ಟೆಂಬರ್ 7ರಂದು, ಅಥೆನ್ಸ್ ನಡುಗಿತು. 143 ಜನ ಹೋದರು. ಆಗ ಟರ್ಕಿಯವರು ಹೊರಟು ಬಂದರು. ಎರಡು ದೇಶಗಳ ಮಾತುಕತೆಗೆ ಅದರಿಂದ ದಾರಿಯಾಯಿತು.

2008ರ ಮೇ 12ರಂದು ಚೀನಾದ ಸಿಚುವಾನ್‌ನಲ್ಲಿ ಭೂಕಂಪವಾದಾಗ ಜಪಾನಿನ ತಂಡ ಹೋಯಿತು. ಎರಡು ದೇಶಗಳ ನಡುವಿನ ಹಳೆಯ ಯುದ್ಧದ ಕಹಿ ಇನ್ನೂ ಆರಿರಲಿಲ್ಲ. ಆ ತಂಡಕ್ಕೆ ಯಾರನ್ನೂ ಜೀವಂತ ತೆಗೆಯಲು ಆಗಲಿಲ್ಲ. ಒಬ್ಬ ತಾಯಿ, ಅವಳ ಮಗುವಿನ ದೇಹ ಸಿಕ್ಕಿತು. ತಂಡದವರೆಲ್ಲ ಎರಡು ಸಾಲಲ್ಲಿ ನಿಂತು ತಲೆ ಬಾಗಿಸಿದರು. ಆ ಚಿತ್ರ ಚೀನಾದ ಮನೆ ಮನೆಗೂ ಹೋಯಿತು. 2011ರಲ್ಲಿ ಚೀನಾದ ತಂಡ ಜಪಾನಿಗೆ ಬಂತು.

ನಮ್ಮವರಿಗೂ ಕೊಡಿ, ಅವರಿಗೂ ಕೊಡಿ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಪಾಲು ಕಿತ್ತುಕೊಂಡ ಹಾಗಲ್ಲ.

ಕೆಲವು ಭೂಕಂಪಕ್ಕೆ ಜಗತ್ತೇ ಅಳುತ್ತದೆ, ಕೆಲವು ಸುದ್ದಿಯೇ ಆಗುವುದಿಲ್ಲ. ಯಾಕೆ?

ಕ್ಯಾಮೆರಾ ಎಲ್ಲಿದೆಯೋ ಅಲ್ಲಿಗೆ ನಮ್ಮ ಕಣ್ಣು ಹೋಗುತ್ತದೆ. ಮ್ಯಾನ್ಮಾರ್ ಭೂಕಂಪದ ದಿನ ಜಗತ್ತು ಮೊದಲು ನೋಡಿದ್ದು ಸುಮಾರು 1,000 ಕಿಲೋಮೀಟರ್ ದೂರದ ಬ್ಯಾಂಕಾಕ್ ಅನ್ನು. ಗಗನಚುಂಬಿ ಕಟ್ಟಡಗಳ ಮೇಲಿನ ಈಜುಕೊಳದಿಂದ ಸುರಿಯುವ ನೀರು, ಕಟ್ಟುತ್ತಿದ್ದ ಒಂದು ಗೋಪುರ ಕುಸಿಯುವ ದೃಶ್ಯ. ಬ್ಯಾಂಕಾಕ್‌ನಲ್ಲೂ ಜನ ಸತ್ತರು, ಅದು ಸಣ್ಣದಲ್ಲ. ಆದರೆ 3,000ಕ್ಕೂ ಹೆಚ್ಚು ಜನ ಸತ್ತ ಮ್ಯಾನ್ಮಾರ್‌ನ ಮಂಡಲೆ, ಸಗಾಯಿಂಗ್ ಕಡೆ ಯುದ್ಧ ಇತ್ತು, ಸೇನೆಯ ಆಡಳಿತ ಇತ್ತು, ಇಂಟರ್‌ನೆಟ್ ಮೇಲೆ ನಿರ್ಬಂಧ ಇತ್ತು. ಅಲ್ಲಿನ ಚಿತ್ರಗಳು ತಡವಾಗಿ ಬಂದವು.

ಹೆರಾತ್‌ನ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಮಣ್ಣಿನ ಮನೆಗಳ ಹಳ್ಳಿಗಳು ಬೆಳಗಿನ ಹೊತ್ತು ಕುಸಿದವು. ಗಂಡಸರು ಹೊರಗೆ ಕೆಲಸಕ್ಕೆ ಹೋಗಿದ್ದರು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಆ ದಿನ 2023ರ ಅಕ್ಟೋಬರ್ 7. ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದದ್ದೂ ಅದೇ ದಿನ. ಸುದ್ದಿಯಲ್ಲಿ ಹೆರಾತ್‌ಗೆ ಜಾಗವೇ ಉಳಿಯಲಿಲ್ಲ. ಒಲಿಂಪಿಕ್ಸ್ ನಡೆಯುವಾಗ ಆದ ದುರಂತಗಳಿಗೆ ಅಮೆರಿಕದ ನೆರವು ಸಿಗುವ ಸಾಧ್ಯತೆ ಕಡಿಮೆ ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಸುದ್ದಿ ಇಲ್ಲದ ಕಡೆ ನೆರವೂ ಸೊರಗುತ್ತದೆ. ನನ್ನ ಕೈಲಾದದ್ದು ಅಂದರೆ ಅಂಥ ಸುದ್ದಿಯನ್ನು ಹುಡುಕಿ ಓದುವುದು, ಓದಿ ನಾಲ್ಕು ಜನಕ್ಕೆ ಹೇಳುವುದು.

ಸಂತಾಪ ಅಂತ ಪೋಸ್ಟ್ ಹಾಕುವುದು ಬೂಟಾಟಿಕೆಯಾ?

ಅಲ್ಲ. ಆ ದೇಶದ ಗೆಳೆಯರಿದ್ದರೆ ಅವರಿಗೇ ಎರಡು ಸಾಲು ಬರೆದರೆ ಇನ್ನೂ ಒಳ್ಳೆಯದು. ಉತ್ತರ ಬೇಕು ಅಂತ ಕಾಯಬೇಡಿ.

ಒಂದು ವಾರ ಆಯಿತು. ಸುದ್ದಿ ನಿಂತಿದೆ. ಅಲ್ಲಿ ಈಗ ಎಲ್ಲ ಸರಿಯಾಯಿತಾ?

ಇಲ್ಲ. ಹೈಟಿಯಲ್ಲಿ ಭೂಕಂಪವಾಗಿ ಒಂಬತ್ತು ತಿಂಗಳಿಗೆ ಕಾಲರಾ ಬಂತು. ನೇಪಾಳದಲ್ಲಿ ಮೊದಲ ಭೂಕಂಪದ ಹದಿನೇಳನೇ ದಿನ, ಮೇ 12ರಂದು, ಮತ್ತೆ 7.3ರ ಕಂಪನ ಬಂದು ಇನ್ನಷ್ಟು ಜನರನ್ನು ಒಯ್ದಿತು. ಟರ್ಕಿಯಲ್ಲಿ ವರ್ಷ ಕಳೆದರೂ ಲಕ್ಷಾಂತರ ಜನ ಕಂಟೇನರ್ ಮನೆಗಳಲ್ಲಿದ್ದರು. ಅದಕ್ಕೇ ನಾನು ಕೊಡುವ ದುಡ್ಡನ್ನು ಎರಡು ಭಾಗ ಮಾಡುತ್ತೇನೆ. ಅರ್ಧ ಆ ವಾರ. ಇನ್ನರ್ಧಕ್ಕೆ ಆರು ತಿಂಗಳ ನಂತರದ ದಿನಕ್ಕೆ ಫೋನಿನಲ್ಲಿ ಗುರುತು ಹಾಕಿಡುತ್ತೇನೆ. ಆ ದಿನ ಫೋನು ಸದ್ದು ಮಾಡಿದಾಗ ಆ ಊರಿನ ಸುದ್ದಿ ಹುಡುಕಿ ಓದುತ್ತೇನೆ.

ಹಾಗೆ ಓದುವಾಗಲೇ ಅಂತಾಕ್ಯದ ಬಗ್ಗೆ ತಿಳಿದದ್ದು. ಟರ್ಕಿಯಲ್ಲಿ ಬಹಳ ಹಾಳಾದ ಊರುಗಳಲ್ಲಿ ಅದೊಂದು. ಅವಶೇಷದ ಮೇಲೆ ನಿಂತು ರಕ್ಷಣಾ ತಂಡದವರು ಕೂಗುವ ಒಂದು ಮಾತಿದೆ: "ನನ್ನ ದನಿ ಯಾರಿಗಾದರೂ ಕೇಳಿಸುತ್ತಿದೆಯಾ?" ಕೂಗಿ, ಎಲ್ಲ ಯಂತ್ರಗಳನ್ನು ನಿಲ್ಲಿಸಿ, ಉತ್ತರಕ್ಕೆ ಕಿವಿಗೊಡುತ್ತಾರೆ. ಒಂದು ವರ್ಷದ ನಂತರ, 2024ರ ಫೆಬ್ರವರಿ 6ರ ಬೆಳಗಿನ ಜಾವ 4:17ಕ್ಕೆ, ಅಂತಾಕ್ಯದ ಜನ ಕತ್ತಲಲ್ಲಿ ಬೀದಿಗೆ ಬಂದು ಸೇರಿದರು. ಅದೇ ಮಾತನ್ನು ಎಲ್ಲರೂ ಒಟ್ಟಿಗೆ ಕೂಗಿದರು.